ಹೊಸ ವ್ಯಾನಿನ ನಡುವಿನ ಸೀಟು

ಕಂಪ್ಲಿಯ ಅಣ್ಣ ಹೊಸ ವ್ಯಾನನ್ನು ತಂದು ನಮ್ಮ ಅಂಗಡಿಯ ಮುಂದೆ ನಿಲ್ಲಿಸಿದಾಗ ಅದರ ಸೀಟುಗಳ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಇನ್ನೂ ತೆಗೆದಿರಲಿಲ್ಲ. ಹಿಂದಿನ ಬಾಗಿಲು ಎತ್ತಿದರೆ ಒಳಗೆ ಗೋಣಿಚೀಲ ಹೊದಿಸಿ ಮಲಗಿಸಿದ್ದ ಹಳೆಯ ಸೀಟೊಂದಿತ್ತು. ನೋಡಿದ ಕೂಡಲೇ ಗುರುತು ಹಿಡಿದೆ. ಅದು ಅಪ್ಪ ಮತ್ತು ನಾನು ಸೇರಿ ಮಾಡಿದ ಸೀಟು.

"ಹಳೇ ವ್ಯಾನಿಗೆ ಇನ್ನ ರಸ್ತಿಗಿಳಿಯಾಕ ಎಫ್‌ಸಿ ಸಿಗೂದಿಲ್ಲಂತವ್ವ. ಕೊಟ್ಟುಬಿಟ್ಟೆ. ಈ ಸೀಟು ಒಂದು ಉಳಿಸ್ಕೊಂಡೀನಿ. ಇದನ್ನ ಹೊಸದ್ರಾಗ ಕುಂದ್ರಿಸಿ ಕೊಟ್ಬಿಡು, ಅರ್ಧ ದಿನದ ಕೆಲ್ಸ" ಅಂದರು ಅಣ್ಣ.

ಅರ್ಧ ದಿನದ ಕೆಲಸವೆಂದೇ ನಾನೂ ತಿಳಿದಿದ್ದೆ. ಗಣೇಶನ ಹಬ್ಬ ಮುಗಿದ ಮೇಲೆ ಕೈಹಾಕಿದ್ದು, ದೀಪಾವಳಿ ದಾಟಿತು.

ಹೊಸಪೇಟೆಯಲ್ಲಿ ಟಿ.ಬಿ. ಡ್ಯಾಂ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಕುಷನ್ ಅಂಗಡಿ. ಕಾರು, ವ್ಯಾನು, ಲಾರಿಗಳ ಸೀಟು ಹೊಲಿಯುವುದು ನಮ್ಮ ಕೆಲಸ. ಅಪ್ಪ ಕಟ್ಟಿದ ಅಂಗಡಿ. ಅವರ ಕಣ್ಣು ಮಂಜಾದ ಮೇಲೆ ಮಿಷನ್ ಮುಂದೆ ನಾನು ಕೂತೆ. ಅಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬಂದವರನ್ನು ಮಾತಾಡಿಸುತ್ತಾರೆ. ಕಂಪ್ಲಿಯ ಅಣ್ಣ ರೈಸ್‌ಮಿಲ್ಲೊಂದರಲ್ಲಿ ಫಿಟ್ಟರ್, ನಮ್ಮ ಹಳೆಯ ಗಿರಾಕಿ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅವರಿಗೆ ಒಬ್ಬಳೇ ಮಗಳು. ಹೆರಿಗೆಯ ವೇಳೆ ಮಿದುಳಿಗೆ ಪೆಟ್ಟಾಗಿ ಅವಳ ಕೈಕಾಲು ಬಿಗಿದುಕೊಂಡಿವೆ, ಕತ್ತು ನಿಲ್ಲುವುದಿಲ್ಲ, ಮಾತಿಲ್ಲ. ಆದರೆ ಎಲ್ಲವೂ ತಿಳಿಯುತ್ತದೆ. ಹೌದು ಎನ್ನಲು ಕಣ್ಣನ್ನು ಮೇಲಕ್ಕೆತ್ತುತ್ತಾಳೆ, ಬೇಡ ಎನ್ನಲು ಗಟ್ಟಿಯಾಗಿ ಮುಚ್ಚುತ್ತಾಳೆ. ನಾನು ಅವಳನ್ನು ಮೊದಲು ನೋಡಿದಾಗ ಅವಳು ಕೈಗೂಸು. ಈಗ ಇಪ್ಪತ್ತು ದಾಟಿದ ಹೆಣ್ಣುಮಗಳು, ಹೆಚ್ಚುಕಡಿಮೆ ಅವಳ ತಾಯಿಯಷ್ಟೇ ಉದ್ದ.

ಆ ಮನೆಗೆ ಇದು ಮೂರನೆಯ ವ್ಯಾನು. ಮೂರೂ ಒಂದೇ ಕಂಪನಿಯ ಒಂದೇ ಮಾದರಿಯವು, ತಲೆಮಾರು ಮಾತ್ರ ಬೇರೆ. ಮೊದಲನೆಯದು ತಗಡಿನ ಡಬ್ಬಿಯೇ. ಮೂತಿ ಎನ್ನುವುದೇ ಇರಲಿಲ್ಲ. ಡ್ರೈವರನ ಮೊಣಕಾಲಿನ ಮುಂದೆ ಒಂದು ತಗಡು, ಅದರಾಚೆ ರಸ್ತೆ. ಬೆಳಿಗ್ಗೆ ಚೋಕ್ ಎಳೆದರೆ ಮಾತ್ರ ಶುರುವಾಗುತ್ತಿತ್ತು. ಎಂಜಿನ್ ಮುಂದಿನ ಸೀಟುಗಳ ಕೆಳಗೇ ಇದ್ದದ್ದರಿಂದ ಬೇಸಿಗೆಯಲ್ಲಿ ಮುಂದೆ ಕೂತವರಿಗೆ ಮೇಲೂ ಬಿಸಿ, ಕೆಳಗೂ ಬಿಸಿ. ಆದರೆ ನೆಲ ಚಪ್ಪಟೆಯಾಗಿ ತಗ್ಗಿನಲ್ಲಿತ್ತು, ಬಾಗಿಲು ಪಕ್ಕಕ್ಕೆ ಜಾರುತ್ತಿತ್ತು. ಕೂಸನ್ನು ಎತ್ತಿಕೊಂಡ ತಾಯಿ ತಲೆ ತುಸು ಬಗ್ಗಿಸಿ ಹಾಗೇ ಒಳಗೆ ನಡೆದುಬಿಡಬಹುದಿತ್ತು. ಅಪ್ಪ ಅದಕ್ಕೊಂದು ಪುಟ್ಟ ಸೀಟು ಮಾಡಿಕೊಟ್ಟರು. ಮಗುವಿನ ಮುಖ ಹಿಂದಕ್ಕೆ. ಹಿಂದಿನ ಬೆಂಚಿನಲ್ಲಿ ಕೂತ ಅಕ್ಕ ಮಗುವಿನ ಗದ್ದವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಕಂಪ್ಲಿಯಿಂದ ಹೊಸಪೇಟೆಯ ಆಸ್ಪತ್ರೆಗೆ ಬರುತ್ತಿದ್ದರು.

ಎರಡನೆಯದಕ್ಕೆ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂತು, ದೀಪಗಳು ಅಗಲವಾದವು, ಹಿಂದೆಯೂ ಕಿಟಕಿ ಪಕ್ಕದವರಿಗೆ ಬೆಲ್ಟು ಬಂತು. ಒಳಗಿನ ಅಳತೆ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ. ಬೆಳೆದ ಹುಡುಗಿಗೆ ಎತ್ತರದ ಬೆನ್ನಿನ, ತಲೆಯ ಎರಡೂ ಪಕ್ಕಕ್ಕೆ ದಿಂಬಿನ ಸೀಟು ಮಾಡಿದೆವು. ಅದೂ ಹಿಂದಕ್ಕೆ ಮುಖ ಮಾಡಿದ್ದೇ. ಎದುರಿಗೆ ಅಕ್ಕ.

ಮೂರನೆಯದು ಬೇರೆಯದೇ ಆಗಿತ್ತು. ಮುಂದೆ ಸ್ವಲ್ಪ ಮೂಗು ಬಂದಿದೆ, ಮೈ ಉದ್ದವಾಗಿದೆ, ಏಸಿ ಇದೆ, ಏರ್‌ಬ್ಯಾಗ್ ಇದೆ, ನಡುವೆ ಕೂತವರಿಗೂ ಬೆಲ್ಟು ಇದೆ, ಬೆಲ್ಟು ಹಾಕದಿದ್ದರೆ ಕೂಗುವ ಸದ್ದಿದೆ. ಎಲ್ಲಕ್ಕಿಂತ ಮುಖ್ಯವಾಗಿ ನೆಲ ಎತ್ತರವಾಗಿದೆ. ಹಳೆಯ ಸೀಟನ್ನು ಒಳಗಿಟ್ಟು ನೋಡಿದರೆ ಅದರ ಕಾಲಿನ ಒಂದು ತೂತೂ ಹೊಸ ನೆಲದ ತೂತಿಗೆ ಕೂಡಲಿಲ್ಲ.

"ಅದ್ಕೇನು, ನಾಕು ಹೊಸಾ ತೂತು ಹೊಡಿ" ಅಂದರು ಅಪ್ಪ ಕುರ್ಚಿಯಿಂದ.

ಪಕ್ಕದ ಗ್ಯಾರೇಜಿನ ಗುಂಡಿಯ ಮೇಲೆ ವ್ಯಾನು ನಿಲ್ಲಿಸಿ ಕೆಳಗಿಳಿದು ನೋಡಿದೆ. ತೂತು ಹೊಡೆಯಬೇಕಾದ ಜಾಗದ ಕೆಳಗೇ ಪೆಟ್ರೋಲ್ ಟ್ಯಾಂಕಿನ ಅಂಚು, ಅದರ ಪಕ್ಕ ಬ್ರೇಕ್ ಪೈಪು. ಅಣ್ಣ ಆರ್‌ಟಿಒ ಕಚೇರಿಯಲ್ಲೂ ವಿಚಾರಿಸಿಕೊಂಡು ಬಂದಿದ್ದರು. ಅಂಗವಿಕಲರಿಗಾಗಿ ಸೀಟು ಬದಲಿಸುವುದಾದರೆ ಕೆಲಸ ಮುಗಿದ ಮೇಲೆ ತಂದು ತೋರಿಸಬೇಕು, ಕಂಪನಿಯ ಬೆಲ್ಟನ್ನಾಗಲಿ ಅದರ ಬೋಲ್ಟನ್ನಾಗಲಿ ಮುಟ್ಟಬಾರದು ಎಂದಿದ್ದರಂತೆ. ಹಾಗಾಗಿ ನೆಲಕ್ಕೆ ಡ್ರಿಲ್ ತಾಗಿಸುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಕಂಪನಿಯ ಬೆಂಚನ್ನು ಬಿಚ್ಚಿ, ಅದು ಕೂತಿದ್ದ ತೂತುಗಳಿಗೇ ಚೌಕ ಪೈಪಿನ ಚೌಕಟ್ಟೊಂದನ್ನು ಬಿಗಿದು, ಆ ಚೌಕಟ್ಟಿನ ಮೇಲೆ ಹಳೆಯ ಸೀಟು. ನಮ್ಮ ಸಾಲಿನಲ್ಲೇ ಇರುವ ವೆಲ್ಡರ್ ಮೊದಲ ಚೌಕಟ್ಟನ್ನು ಮಾಡಿಕೊಟ್ಟ. ಹುಡುಗಿಯ ಮುಖ ಎಂದಿನಂತೆ ಹಿಂದಕ್ಕೆ, ಅವಳೆದುರು ಅಕ್ಕನಿಗೊಂದು ಸಣ್ಣ ಸೀಟು. ಎಲ್ಲವೂ ಅಲುಗಾಡದೆ ಕೂತವು. ನನಗೂ ಸಮಾಧಾನವಾಯಿತು.

ಪರೀಕ್ಷೆಗೆಂದು ಸಂಡೂರಿಗೆ ಹೊರಟೆವು. ಅಲ್ಲಿ ಅಕ್ಕನ ತವರು. ದಾರಿಯಲ್ಲಿ ಏರು, ಇಳಿತ, ತಿರುವು ಎಲ್ಲ ಇರುವುದರಿಂದ ಸೀಟಿನ ಬಣ್ಣ ಬಯಲಾಗುತ್ತದೆ ಎಂದು ನಾನೇ ಹೇಳಿದ್ದೆ.

ಬಯಲಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಳೆಯ ವ್ಯಾನುಗಳಲ್ಲಿ ಅಕ್ಕನ ಮೊಣಕಾಲಿಗೆ ಮಗಳ ಮೊಣಕಾಲು ತಾಗುತ್ತಿತ್ತು. ಇದು ಉದ್ದದ ವ್ಯಾನು, ನಡುವೆ ಒಂದು ಮೊಳ ಅಂತರ. ಅದಿರಿನ ಲಾರಿಯೊಂದನ್ನು ದಾಟಿ ಅಣ್ಣ ತಿರುವು ತೆಗೆದುಕೊಂಡಾಗ ಹುಡುಗಿಯ ತಲೆ ದಿಂಬಿನಿಂದ ಜಾರಿ ಭುಜದ ಮೇಲೆ ಬಿತ್ತು. ಅಕ್ಕ ಬೆಲ್ಟು ಬಿಚ್ಚಿ ಮುಂದಕ್ಕೆ ಬಾಗಿ ಅವಳ ಗದ್ದ ಹಿಡಿದರು. ಮತ್ತೊಂದು ತಿರುವು. ಹುಡುಗಿ ಮೈ ಬಿಗಿಹಿಡಿದು, ಬೆಳಿಗ್ಗೆ ತಿಂದದ್ದನ್ನೆಲ್ಲ ಕಕ್ಕಿಕೊಂಡಳು. ಅದೇ ಹೊತ್ತಿಗೆ ಅಕ್ಕ "ಅಯ್ಯವ್ವಾ" ಎಂದು ಕೂಗಿ ಬಗ್ಗಿದವರು ಬಗ್ಗಿದ ಹಾಗೇ ನಿಂತುಬಿಟ್ಟರು. ಸೊಂಟ ಹಿಡಿದಿತ್ತು.

ರಸ್ತೆ ಬದಿಯ ಚಾದಂಗಡಿಯ ನೆರಳಿಗೆ ವ್ಯಾನು ನಿಲ್ಲಿಸಿ ಅಣ್ಣ ಮೊದಲು ಅಕ್ಕನನ್ನು ಇಳಿಸಿ ಬೆಂಚಿನ ಮೇಲೆ ಮಲಗಿಸಿದರು. ನಾನು ಹುಡುಗಿಯ ಬಾಯಿ, ಕೊರಳು ಒರೆಸಿದೆ. ಅಕ್ಕ ಮಲಗಿದಲ್ಲಿಂದಲೇ ಅಂದರು:

"ಡಾಕ್ಟ್ರು ಮೊದ್ಲೇ ಹೇಳ್ಯಾರ ತಂಗಿ, ಡಿಸ್ಕ್ ಸರದೈತಿ, ಆಕಿನ್ನ ಎತ್ತಬ್ಯಾಡ, ಬಗ್ಗಬ್ಯಾಡ ಅಂತ. ಎತ್ತದಿದ್ರ ಹೆಂಗ? ಇನ್ನ ಆಕಿ ಮನಿ ಬಿಟ್ಟು ಹೊರಗ ಬರಂಗಿಲ್ಲೇನೋ."

ಮಾತಿನಲ್ಲಿ ಅಳುವಿರಲಿಲ್ಲ. ಹಾಗಾಗಿಯೇ ನನಗೆ ಬಹಳ ಸಂಕಟವಾಯಿತು. ವಾರಕ್ಕೊಮ್ಮೆ ಹೊಸಪೇಟೆಯ ಫಿಸಿಯೋ ಬಳಿ ಬಾರದಿದ್ದರೆ ಹುಡುಗಿಯ ಸೊಂಟ, ಮಂಡಿ ಇನ್ನಷ್ಟು ಬಿಗಿಯುತ್ತವೆ. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಹೊರಗಿನ ಪ್ರಪಂಚ ಎಂದರೆ ಈ ವ್ಯಾನು ಒಂದೇ.

ಅವಳ ಮುಖ ಒರೆಸುತ್ತಿದ್ದಾಗ ಒಂದು ವಿಷಯ ಗಮನಕ್ಕೆ ಬಂತು. ಅವಳ ಕಣ್ಣು ಪದೇ ಪದೇ ಪಕ್ಕಕ್ಕೆ, ಹಿಂದಕ್ಕೆ ಓಡುತ್ತಿತ್ತು. ತಲೆ ತಿರುಗಿಸಲಾಗದೆ ಕಣ್ಣಿನ ಗುಡ್ಡೆಯನ್ನೇ ಅಂಚಿನ ತನಕ ಎಳೆದು ನೋಡುತ್ತಿದ್ದಳು. ಮೊದಲು ತಂದೆಯನ್ನು ಹುಡುಕುತ್ತಿದ್ದಾಳೆ ಎಂದುಕೊಂಡೆ. ಆದರೆ ಅಣ್ಣ ನನ್ನ ಪಕ್ಕದಲ್ಲೇ ನೀರಿನ ಬಾಟಲಿ ಹಿಡಿದು ನಿಂತಿದ್ದರು. ಅವಳು ನೋಡುತ್ತಿದ್ದದ್ದು ವ್ಯಾನಿನ ಮುಂದಿನ ಗಾಜಿನ ಕಡೆಗೆ.

"ಮುಂದಕ್ಕ ನೋಡ್ಬೇಕೇನು?" ಎಂದೆ.

ಕಣ್ಣು ಮೇಲಕ್ಕೆ ಹೋಯಿತು.

"ಮುಂದಕ್ಕ ಮುಖ ಮಾಡಿ ಕುಂದ್ರತೀಯಾ? ಅವ್ವ ಎದುರಿಗಿರಂಗಿಲ್ಲ."

ಅವಳು ಒಮ್ಮೆ ಅವ್ವ ಮಲಗಿದ್ದ ಬೆಂಚಿನ ಕಡೆ ಕಣ್ಣು ಹೊರಳಿಸಿದಳು. ಆಮೇಲೆ ಕಣ್ಣು ಮತ್ತೆ ಮೇಲಕ್ಕೆ, ಈ ಸಲ ಎಷ್ಟು ಜೋರಾಗಿ ಎಂದರೆ ಹುಬ್ಬೂ ಜೊತೆಗೆ ಎದ್ದವು. ಅಣ್ಣ ಬಾಟಲಿಯ ಮುಚ್ಚಳ ಹಾಕುವುದನ್ನೂ ಮರೆತು ಮಗಳನ್ನೇ ನೋಡುತ್ತ ನಿಂತರು. ಅಷ್ಟು ವರ್ಷ ಅವಳು ಹೋದ ದಾರಿಯೆಲ್ಲ ಹಿಂದೆ ಸರಿಯುವುದನ್ನಷ್ಟೇ ನೋಡಿದ್ದಳು. ಯಾರಿಗೂ ಕೇಳಬೇಕೆಂದು ಹೊಳೆದಿರಲಿಲ್ಲ.

ಸಂಡೂರಿಗೆ ಹೋಗದೆ ಅಲ್ಲಿಂದಲೇ ಹಿಂದಿರುಗಿದೆವು. ಮರುದಿನ ಚೌಕಟ್ಟನ್ನೂ ಹಳೆಯ ಸೀಟನ್ನೂ ಬಿಚ್ಚಿ ಕೆಳಗಿಳಿಸಿದೆ. ಹೊಸ ವ್ಯಾನಿಗೆ ಹೊಸ ಸೀಟೇ ಆಗಬೇಕು, ಮುಖ ರಸ್ತೆಯ ಕಡೆಗೇ ಇರಬೇಕು ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಹಳೆಯ ಸೀಟಿನ ರೆಕ್ಸಿನ್ ಮೇಲೆ ಒಮ್ಮೆ ಕೈಯಾಡಿಸಿ ಕುರ್ಚಿಗೆ ಮರಳಿದರು.

ಮುಂದಕ್ಕೆ ಮುಖ ಎಂದರೆ ಎಲ್ಲಿ ಎನ್ನುವುದು ಮುಂದಿನ ಪ್ರಶ್ನೆ. ಡ್ರೈವರ್ ಪಕ್ಕ ಕೂರಿಸಲು ಅಣ್ಣನಿಗೆ ಆಸೆ. ಆದರೆ ಅಲ್ಲಿ ಏರ್‌ಬ್ಯಾಗ್. ಕತ್ತು ನಿಲ್ಲದವಳ ಎದುರು ಅದು ಒಡೆದರೆ ಪೆಟ್ಟು ಅವಳಿಗೇ. ಎರಡನೆಯ ಸಾಲಿನ ಕಿಟಕಿ ಪಕ್ಕ ಕೂರಿಸಿದರೆ ಮುಂದಿನ ಸೀಟಿನ ಬೆನ್ನು ಅಡ್ಡ. ನಾನೇ ಒಂದು ಸ್ಟೂಲು ಇಟ್ಟುಕೊಂಡು ಒಳಗೆ ಆ ಕಡೆ ಈ ಕಡೆ ಸರಿಯುತ್ತ ಕೂತು ನೋಡಿದೆ. ಎರಡನೆಯ ಸಾಲಿನ ಸರಿಯಾಗಿ ನಡುವೆ ಕೂತರೆ ಮುಂದಿನ ಎರಡು ಸೀಟುಗಳ ಸಂದಿಯಿಂದ ಇಡೀ ರಸ್ತೆ ಕಾಣುತ್ತಿತ್ತು. ಹಳೆಯ ವ್ಯಾನುಗಳಲ್ಲಿ ಆ ಜಾಗಕ್ಕೆ ಬೆಲ್ಟೇ ಇರಲಿಲ್ಲ. ಇದರಲ್ಲಿದೆ. ಹಾಗಾದರೆ ಅವಳು ನಡುವೆ, ಎಡಗಡೆ ಬಾಗಿಲ ಪಕ್ಕ ಅಕ್ಕ.

ಒಪ್ಪದಿದ್ದವರು ಅಕ್ಕ ಮಾತ್ರ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಅಂಗಡಿಗೆ ಬಂದವರು ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಆಕಿ ಮುಖ ಕಾಣದಿದ್ರ ನನಗ ಹೆಂಗ ಗೊತ್ತಾಗ್ಬೇಕು ತಂಗಿ? ಎಂಜಲು ಗಂಟಲಿಗೆ ಸಿಕ್ಕಂಡ್ರ? ಫಿಟ್ಸ್ ಬಂದ್ರ? ಆಕಿ ಕರಿಯಾಕ ಬಾಯಿಲ್ಲ. ಮುಖಾನ ಆಕಿ ಮಾತು."

ಅವರು ಹೇಳಿದ್ದು ನಿಜವೇ. ಹುಡುಗಿಗೆ ವಾರವಾರ ವ್ಯಾಯಾಮ ಮಾಡಿಸುವ ಫಿಸಿಯೋ ಮೇಡಂಗೆ ಹೇಳಿ ಕಳಿಸಿದೆ. ಅಂಗಡಿಗೇ ಬಂದು ಎಲ್ಲ ನೋಡಿದರು. ಅವರು ಅಕ್ಕನನ್ನು ಒಂದು ಸ್ಟೂಲಿನ ಮೇಲೆ, ಹುಡುಗಿಯನ್ನು ಗಾಲಿಕುರ್ಚಿಯಲ್ಲಿ ಅಕ್ಕಪಕ್ಕ ಕೂರಿಸಿ, ಅಕ್ಕನ ಕೈಯನ್ನು ಮಗಳ ಕೈಯ ಮೇಲಿಟ್ಟರು.

"ಆಕಿಗೆ ಏನರ ಆಗೂ ಮುಂಚೆ ಮೊದ್ಲು ಬಿಗಿಯೂದು ಈ ಕೈಯಿ. ನಿಮ್ಮ ಅಂಗೈಗೆ ಗೊತ್ತಾಗ್ತೈತಿ ನೋಡ್ರಿ. ಪಕ್ಕದಿಂದ ಅರ್ಧ ಮುಖಾನೂ ಕಾಣ್ತೈತಿ. ಬಗ್ಗೂ ಕೆಲಸ ಇಲ್ಲ" ಅಂದರು.

ಅಕ್ಕ ಆ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡು ಕೂತಿದ್ದರು. ಕೊನೆಗೆ "ಮಾಡ್ರಿ, ನೋಡೂಣು" ಅಂದರು.

ಸೀಟು ಅವಳ ಮೈಯ ಅಚ್ಚಿನಂತೆಯೇ ಇರಬೇಕಿತ್ತು. ಬೆನ್ನು ಒಂದು ಕಡೆ ವಾಲಿದೆ, ಸೊಂಟ ಒಂದು ಕಡೆ ಎತ್ತರ. ಚಪ್ಪಟೆ ಸ್ಪಂಜಿನ ಮೇಲೆ ಅವಳ ಮೈ ನಿಲ್ಲುವುದಿಲ್ಲ. ಮೇಡಂ ಒಂದು ಉಪಾಯ ಹೇಳಿಕೊಟ್ಟರು. ಗಾಳಿಯಾಡದ ಚೀಲದಲ್ಲಿ ಸಣ್ಣ ಕಾಳಿನಂಥದ್ದನ್ನು ತುಂಬಿ, ಅದರ ಮೇಲೆ ಕೂರಿಸಿ, ಒಳಗಿನ ಗಾಳಿ ಎಳೆದರೆ ಚೀಲ ಮೈಯ ಆಕಾರದಲ್ಲೇ ಕಲ್ಲಿನಂತೆ ಗಟ್ಟಿಯಾಗುತ್ತದೆ. ದೊಡ್ಡ ಊರುಗಳಲ್ಲಿ ಅದಕ್ಕೆಂದೇ ಮಾಡಿದ ಮಣಿಗಳ ಚೀಲ ಇರುತ್ತದಂತೆ. ಅಣ್ಣ ಮಿಲ್ಲಿನಿಂದ ಎರಡು ಮೂಟೆ ಭತ್ತದ ಹೊಟ್ಟು ತಂದರು. ನಾನು ರೆಕ್ಸಿನ್ ಚೀಲ ಹೊಲಿದು, ಹೊಲಿಗೆಗೆಲ್ಲ ಅಂಟು ಬಳಿದು, ಕಾರಿನ ಒಳಗಿನ ಧೂಳು ಎಳೆಯುವ ಮಿಷನ್ನಿನ ಪೈಪಿಗೆ ಬಾಯಿ ಮಾಡಿದೆ. ಮೊದಲ ದಿನ ಹೊಟ್ಟಿನ ಧೂಳಿಗೆ ಹುಡುಗಿ ಸೀನಿ ಸೀನಿ ಸುಸ್ತಾದಳು. ಅಕ್ಕ ಹೊಟ್ಟನ್ನು ಮನೆಗೆ ಒಯ್ದು ತೊಳೆದು, ಮಾಳಿಗೆಯ ಮೇಲೆ ಒಣಗಿಸಿ ಕಳಿಸಿದರು.

ಎರಡನೆಯ ಸಲ ಮೇಡಂ ಅವಳ ಸೊಂಟ ಹಿಡಿದರು, ಅಣ್ಣ ಭುಜ ಹಿಡಿದರು, ನಾನು ಮಿಷನ್ ಹಾಕಿದೆ. ಚೀಲ ಬುಸ್ಸೆಂದು ಸೊರಗಿ ಅವಳನ್ನು ಎಲ್ಲ ಕಡೆಯಿಂದ ಅಪ್ಪಿಕೊಂಡಿತು. ಏನಾಗುತ್ತಿದೆ ಎಂದು ತಿಳಿಯದೆ ಒಂದು ಕ್ಷಣ ಬೆಚ್ಚಿದವಳು, ಆಮೇಲೆ ಕಚಗುಳಿಯಿಟ್ಟಂತೆ ನಗತೊಡಗಿದಳು. ಅವಳು ನಕ್ಕರೆ ಅಚ್ಚು ಅಲುಗುತ್ತದೆ. ನಗಬೇಡ ಎಂದರೆ ಇನ್ನೂ ನಗು. ಮೇಡಂಗೂ ನಗು ಹತ್ತಿತು. ಮಿಷನ್ ನಿಲ್ಲಿಸಿ ಎಲ್ಲರೂ ನಕ್ಕು ಮುಗಿಸಿ ಮತ್ತೆ ಹಾಕಬೇಕಾಯಿತು.

ಆ ಅಚ್ಚನ್ನು ಎದುರಿಗಿಟ್ಟುಕೊಂಡು ಸ್ಪಂಜನ್ನು ಪದರ ಪದರವಾಗಿ ಕತ್ತರಿಸಿದೆ. ಅಡಿಗೆ ಗಟ್ಟಿ ಸ್ಪಂಜು, ಮೇಲೆ ಮೆತ್ತನೆಯದು, ತಿರುವಿನಲ್ಲಿ ತಲೆ ಜಾರದಂತೆ ಎರಡೂ ಕಿವಿಯ ಪಕ್ಕ ಆಳದ ದಿಂಬು. ನಮ್ಮ ಬಿಸಿಲಿಗೆ ರೆಕ್ಸಿನ್ ಹಾಕಿದರೆ ಬೆನ್ನು ಬೇಯುತ್ತದೆ ಎಂದು ಗಾಳಿಯಾಡುವ ಜಾಳಿಗೆ ಬಟ್ಟೆ ಹಾಕಿದೆ. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಅಪ್ಪ ಕುರ್ಚಿಯಿಂದ ಎದ್ದು ಬಂದು ಸೀಟಿನ ಮುಂದೆ ಕೂತು, ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಒಂದೊಂದೇ ಹೊಲಿಗೆ ಸವರುತ್ತಿದ್ದರು.

"ಮಂಡಿ ಹಿಂದ ಹೊಲಿಗಿ ಬಂದೈತಿ. ಅಲ್ಲಿ ಬ್ಯಾಡ. ಆಕಿ ತಾನಾ ಕಾಲು ಸರಸ್ಕೊಳ್ಳಾಕ ಆಗೂದಿಲ್ಲ, ಒತ್ತಿ ಹುಣ್ಣಾಗ್ತೈತಿ" ಅಂದರು. ಆಮೇಲೆ ಮೆಲ್ಲಗೆ, "ನಾನು ಮಾಡಿದ್ದಕ್ಕಿಂತ ಚಲೋ ಕುಂತೈತಿ ಬಿಡು" ಅಂದರು.

ಆ ಹೊಲಿಗೆ ಬಿಚ್ಚಿ ಪಕ್ಕಕ್ಕೆ ಒಯ್ದೆ. ಅಂದಿನಿಂದ ಅಪ್ಪ ದಿನವೂ ನನ್ನ ಬಳಿಯೇ ಕೂತು ಸ್ಪಂಜಿನ ಅಂಚು ನಯ ಮಾಡಿಕೊಟ್ಟರು.

ಮುಂದಿನ ಕಷ್ಟ ಹತ್ತಿಸುವುದು. ನಡುವಿನ ಸೀಟು ಬಾಗಿಲಿನಿಂದ ದೂರ. ಬಾಗಿಲ ತನಕ ಅಣ್ಣ ಎತ್ತಿ ತರುತ್ತಾರೆ. ಅಲ್ಲಿಂದ ಒಳಗೆ ಎಳೆದುಕೊಳ್ಳುವುದು ಇಷ್ಟು ವರ್ಷ ಅಕ್ಕನ ಸೊಂಟದ ಪಾಲಿನ ಕೆಲಸವಾಗಿತ್ತು. ವೆಲ್ಡರ್ ಮತ್ತು ನಾನು ಎರಡು ದಿನ ತಲೆ ಕೆಡಿಸಿಕೊಂಡೆವು. ಕೊನೆಗೆ ಕಂಪನಿಯ ಅದೇ ತೂತುಗಳಿಗೆ ಬಿಗಿದ ಹೊಸ ಚೌಕಟ್ಟಿನ ಮೇಲೆ ಅಕ್ಕನ ಸೀಟನ್ನೂ ಮಗಳ ಸೀಟನ್ನೂ ಒಂದೇ ಎತ್ತರಕ್ಕೆ ತಂದೆವು. ಎರಡರ ನಡುವೆ ಅಡ್ಡ ಹಾಕಲು ನುಣುಪು ಬಟ್ಟೆ ಸುತ್ತಿದ ಪ್ಲೈವುಡ್ ಹಲಗೆ ಮಾಡಿದೆ. ಅಣ್ಣ ಮಗಳನ್ನು ಮೊದಲು ಅಕ್ಕನ ಸೀಟಿನಲ್ಲಿ ಕೂರಿಸಬೇಕು, ಹಲಗೆಯ ಮೇಲೆ ಮೆಲ್ಲಗೆ ಪಕ್ಕಕ್ಕೆ ಜಾರಿಸಬೇಕು, ಹಲಗೆ ತೆಗೆಯಬೇಕು. ಆಮೇಲೆ ಅಕ್ಕ ಹತ್ತಬೇಕು. ಜಾರಿಸುವಾಗ, ಮೈ ವಾಲದಂತೆ ಅವಳ ಸೀಟಿಗಿಟ್ಟ ಎಡಪಕ್ಕದ ಆಸರೆ ಅಡ್ಡ ಬರುತ್ತದಲ್ಲ, ಅದಕ್ಕೆ ವೆಲ್ಡರ್ ಬಾಗಿಲಿನಂತೆ ತಿರುಗುವ ಕೀಲು ಹಾಕಿ ಚಿಲಕ ಕೊಟ್ಟ.

ಅವಳನ್ನು ಕೂರಿಸುವ ಮೊದಲು ಅವಳಷ್ಟೇ ಭಾರದ ಅಕ್ಕಿ ಮೂಟೆಗಳನ್ನು ಸೀಟಿಗೆ ಕಟ್ಟಿ ಡ್ಯಾಂ ರಸ್ತೆಯ ಖಾಲಿ ಜಾಗದಲ್ಲಿ ಜೋರಾಗಿ ಬ್ರೇಕ್ ಹಾಕಿ ನೋಡಿದೆವು. ಮೂಟೆ ಬೆಲ್ಟಿನ ಅಡಿಯಲ್ಲಿ ನುಸುಳಿ ಮುಂದಕ್ಕೆ ಜಾರಿತು. ಅದು ಅವಳಾಗಿದ್ದರೆ ಬೆಲ್ಟು ಹೊಟ್ಟೆಗೆ, ಕೊರಳಿಗೆ ಸಿಕ್ಕಿಬೀಳುತ್ತಿತ್ತು. ಸೀಟನ್ನು ಮತ್ತೆ ಬಿಚ್ಚಿ, ತೊಡೆಯ ಅಡಿಯ ಗಟ್ಟಿ ಸ್ಪಂಜನ್ನು ಮುಂದಕ್ಕೆ ಹೋದಂತೆ ಏರುವ ಹಾಗೆ ಕೂರಿಸಿ, ಕಂಪನಿಯ ಬೆಲ್ಟಿನ ಜೊತೆಗೆ ಎದೆಗೊಂದು ಮೆತ್ತನೆಯ ಪಟ್ಟಿ ಸೇರಿಸಿದೆ. ಮೂಟೆ ಮತ್ತೆ ಹತ್ತಿತು, ಮತ್ತೆ ಬ್ರೇಕು. ಈ ಸಲ ಕದಲಲಿಲ್ಲ. ಅಣ್ಣ ಇನ್ನೊಮ್ಮೆ ಎಂದರು. ಇನ್ನೊಮ್ಮೆಯೂ ಕದಲಲಿಲ್ಲ.

ಆರ್‌ಟಿಒದಲ್ಲಿ ತೋರಿಸಿ ಬಂದ ಮೇಲೆ, ದೀಪಾವಳಿಯ ಮಾರನೆಯ ವಾರ, ಫಿಸಿಯೋ ಮುಗಿಸಿಕೊಂಡು ಅವರು ಅಂಗಡಿಗೆ ಬಂದರು. ಕಂಪ್ಲಿಯ ತನಕ ಜೊತೆಗೆ ಬಂದು ನೋಡು ಎಂದು ಅಣ್ಣ ಕರೆದರು. ನಾನು ಮುಂದೆ ಕೂತೆ. ಹಲಗೆಯ ಮೇಲೆ ಹುಡುಗಿ ಸಲೀಸಾಗಿ ನಡುವಿಗೆ ಜಾರಿದಳು. ಚಿಲಕ ಹಾಕಿ, ಬೆಲ್ಟು ಬಿಗಿದು, ಅಕ್ಕ ಹತ್ತಿ ಮಗಳ ಕೈ ಹಿಡಿದುಕೊಂಡರು. ಊರು ಬಿಡುವ ತನಕ ಅವರ ಕಣ್ಣು ಮಗಳ ಮುಖದಿಂದ ಕದಲಲಿಲ್ಲ. ಕತ್ತು ತಿರುಗಿಸಿ ತಿರುಗಿಸಿ ನೋಡುವುದೇ. ಹುಡುಗಿ ಮಾತ್ರ ಅವ್ವನ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಎದುರಿನ ಗಾಜಿಗೆ ಅಂಟಿಕೊಂಡಿತ್ತು. ಕಬ್ಬಿನ ಟ್ರ್ಯಾಕ್ಟರು, ಹಂಪಿಯ ಕಡೆ ತಿರುಗುವ ಬಾಡಿಗೆ ಸೈಕಲ್ಲಿನ ಬೆಳ್ಳಗಿನ ಜನ, ರಸ್ತೆಗೆ ಅಡ್ಡ ಬಂದ ಎಮ್ಮೆಗಳು, ಒಂದೊಂದೂ ದೂರದಲ್ಲಿ ಸಣ್ಣದಾಗಿ ಕಂಡು, ಹತ್ತಿರವಾಗಿ, ದೊಡ್ಡದಾಗಿ ಪಕ್ಕಕ್ಕೆ ಸರಿಯುತ್ತಿದ್ದವು. ಅವಳ ಬಾಯಿ ಅರ್ಧ ತೆರೆದಿತ್ತು.

ಕಮಲಾಪುರ ದಾಟಿ ಬಾಳೆ ತೋಟಗಳ ನಡುವೆ ಹೋಗುವಾಗ ಹಿಂದೆ ಸದ್ದಿಲ್ಲ ಎನಿಸಿ ತಿರುಗಿ ನೋಡಿದೆ. ಅಕ್ಕ ನಿದ್ದೆ ಹೋಗಿದ್ದರು. ತಲೆ ಮಗಳ ಭುಜಕ್ಕೆ ಒರಗಿತ್ತು, ಕೈಯೊಳಗೆ ಕೈ ಹಾಗೇ ಇತ್ತು.

"ಅಣ್ಣಾರ, ನೋಡ್ರಿ" ಎಂದು ಪಿಸುಗುಟ್ಟಿದೆ.

ಅಣ್ಣ ಕನ್ನಡಿಯಲ್ಲಿ ನೋಡಿದರು. "ಇಷ್ಟು ವರ್ಷದಾಗ ವ್ಯಾನಿನ್ಯಾಗ ನಿಮ್ಮಕ್ಕ ಕಣ್ಣು ಮುಚ್ಚಿದ್ದು ನಾ ಕಂಡಿಲ್ಲವ್ವ" ಅಂದರು. ಕನ್ನಡಿಯಿಂದ ಕಣ್ಣು ತೆಗೆಯುವುದು ಅವರಿಗೆ ಕಷ್ಟವಾಯಿತು.

ಆಗ ಹಿಂದಿನಿಂದ "ಹ್ಞಾ!" ಎಂಬ ಸಣ್ಣ ಸದ್ದು. ಹುಡುಗಿಯದು. ಅಣ್ಣ ಬೆಚ್ಚಿ ಎದುರಿಗೆ ನೋಡಿದರು. ಸ್ವಲ್ಪ ದೂರದಲ್ಲಿ, ಊರೊಂದರ ಮುಂದೆ, ಬಣ್ಣ ಮಾಸಿದ ರಸ್ತೆ ಉಬ್ಬು. ಬ್ರೇಕ್ ಒತ್ತಿ, ಗೇರ್ ಇಳಿಸಿ, ಮುಂದಿನ ಗಾಲಿ, ಹಿಂದಿನ ಗಾಲಿ ಒಂದೊಂದನ್ನೇ ಉಬ್ಬಿನ ಮೇಲೆ ಹತ್ತಿಸಿ ಇಳಿಸಿದರು. ನಾನು ತಿರುಗಿ ನೋಡಿದೆ. ಹುಡುಗಿ ಈಗ ರಸ್ತೆಯನ್ನು ನೋಡುತ್ತಿರಲಿಲ್ಲ. ಕಣ್ಣಿನ ಗುಡ್ಡೆಯನ್ನು ಎಡಕ್ಕೆ ಎಳೆದು ತನ್ನ ಭುಜದ ಮೇಲಿದ್ದ ತಲೆಯನ್ನು ನೋಡುತ್ತಿದ್ದಳು. ಅಕ್ಕ ಎದ್ದಿರಲಿಲ್ಲ. ಅದು ಖಾತ್ರಿಯಾದ ಮೇಲೆ ಅವಳ ಕಣ್ಣು ಮತ್ತೆ ರಸ್ತೆಗೆ ಹೋಯಿತು.

ಇನ್ನೊಂದು ಉಬ್ಬು ಬಂತು. "ಹ್ಞಾ" ಎಂದಳು, ಈ ಸಲ ಇನ್ನೂ ಮೆಲ್ಲಗೆ.

"ಕಂಡೆ ಬಂಗಾರಿ, ಕಂಡೆ" ಅಂದರು ಅಣ್ಣ, ಮತ್ತೆ ಗೇರ್ ಇಳಿಸುತ್ತ.